ಬೊಜ್ಜಿನ ಹಟ

ಹೊಟ್ಟೆಯ ಸುತ್ತ ಕೂಡಿದ ಬೊಜ್ಜನ್ನು ಜನ ಹಟಮಾರಿಯೆಂದು ಬೈಯುವುದುಂಟು. ಮುಖ ಇಳಿಯುತ್ತದೆ, ತೋಳು ಇಳಿಯುತ್ತದೆ. ಹೊಟ್ಟೆ ಮಾತ್ರ ಇದ್ದಂತೆಯೇ ಇರುತ್ತದೆ. ಬೇಸತ್ತ ತರುಣರು ಆಗ ಉಪವಾಸಕ್ಕೆ ಶರಣಾಗುತ್ತಾರೆ, ಇಲ್ಲವೆ ಸೊಂಟಕ್ಕೆ ಬಿಗಿಯುವ ಪಟ್ಟಿಗೂ ಒಳಗೇನಿದೆಯೆಂದು ತಿಳಿಯದ ಪುಡಿಗೂ ಹಣ ಸುರಿಯುತ್ತಾರೆ. ಇವೆರಡೂ ಅವಿವೇಕವೆಂದೇ ನಮ್ಮ ಅಭಿಪ್ರಾಯ. ನಾವು ಹಟವೆಂದು ಕರೆಯುವುದರ ಹಿಂದೆ ದೇಹದ ಒಂದು ಲೆಕ್ಕವಿದೆ. ಅದನ್ನರಿತವನಿಗೆ ಮೋಸಹೋಗುವ ಪ್ರಸಂಗ ಬಾರದು.

ಒಂದು ಗ್ರಾಂ ಪಿಷ್ಟದಿಂದ ದೇಹಕ್ಕೆ ದೊರೆಯುವ ಶಕ್ತಿ ಸುಮಾರು 4 ಕಿಲೋಕ್ಯಾಲೊರಿ. ಕೊಬ್ಬಿನಿಂದ ದೊರೆಯುವುದು 9. ಆದುದರಿಂದಲೇ ದೇಹವು ತನ್ನ ಉಳಿತಾಯವನ್ನು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. 1876–78ರ ಮಹಾಕ್ಷಾಮವನ್ನು ಕಂಡ ನಮ್ಮ ನಾಡಿನಲ್ಲಿ ಈ ಗಂಟು ಎಷ್ಟೋ ಜೀವಗಳನ್ನು ಕಾದಿರಬೇಕು. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೋಕ್ಯಾಲೊರಿ. ದಿನಕ್ಕೆ 300ರಂತೆ ಕೊರತೆ ಮಾಡಿದರೂ ಅದು ಕರಗಲು ಇಪ್ಪತ್ತೈದು ದಿನಗಳಿಗೆ ಕಡಿಮೆಯಾಗದು. ವಾರದೊಳಗೆ ಹೊಟ್ಟೆ ಕರಗಿಸುವೆವೆಂಬ ಜಾಹೀರಾತು ಎಂಥದೆಂಬುದನ್ನು ಈ ಒಂದು ಭಾಗಾಕಾರವೇ ತಿಳಿಸುತ್ತದೆ.

ಕರಗಿದ ಕೊಬ್ಬು ಬೆವರಾಗಿ ಹರಿದುಹೋಗುವುದೆಂದು ಹಲವರ ಭಾವನೆ. 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟಂತೆ, 10 ಕಿಲೋ ಕೊಬ್ಬು ಉರಿದಾಗ 8.4 ಕಿಲೋ ಇಂಗಾಲಾಮ್ಲವಾಗಿ ಉಸಿರಿನೊಡನೆ ಹೊರಬೀಳುತ್ತದೆ, ಉಳಿದ 1.6 ಕಿಲೋ ಮಾತ್ರ ನೀರಾಗುತ್ತದೆ. ಸೊಂಟಕ್ಕೆ ಪಟ್ಟಿ ಬಿಗಿದು ಬೆವರು ಸುರಿಸಿದರೆ ಹೋಗುವುದು ನೀರು. ಒಂದು ತಂಬಿಗೆ ನೀರು ಕುಡಿದರೆ ಆ ತೂಕ ಮರಳಿ ಬರುತ್ತದೆ.

ಹೊಟ್ಟೆಯನ್ನೇ ಮಡಿಸುವ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುವುದೆಂಬುದು ಇನ್ನೊಂದು ಭ್ರಮೆ. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಲಾಯಿತು. ಆಡುವ ತೋಳಿನ ಸ್ನಾಯು ಬೆಳೆದಿದ್ದಿತು. ಚರ್ಮದಡಿಯ ಕೊಬ್ಬು ಮಾತ್ರ ಎರಡರಲ್ಲಿಯೂ ಸಮನಾಗಿದ್ದಿತು. ಕೊಬ್ಬು ಎಲ್ಲಿಂದ ಮೊದಲು ಕರಗಬೇಕೆಂಬುದನ್ನು ನಿರ್ಧರಿಸುವುದು ಅನುವಂಶೀಯತೆ ಮತ್ತು ದೇಹದ ಅಂತಃಸ್ರಾವಗಳು. ಸಮಾಧಾನದ ಸಂಗತಿಯೂ ಒಂದುಂಟು: ಕರುಳಿನ ಸುತ್ತ ಸೇರಿ ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿಮಾಡುವ ಕೊಬ್ಬು, ತೊಡೆ ಸೊಂಟಗಳ ಕೊಬ್ಬಿಗಿಂತ ಬೇಗನೆ ಕರಗುತ್ತದೆ. ಕನ್ನಡಿಯಲ್ಲಿ ಬದಲಾವಣೆ ಕಾಣುವ ಮೊದಲೇ ಒಳಗೆ ಹಿತವಾಗಿರುತ್ತದೆ.

ಕುಷ್ಟಗಿ ಸೀಮೆಯ ತಾವರಗೇರಾದಂತಹ ಊರಿನಲ್ಲಿ ಹಿರಿಯರು, 'ಜೋಳದ ರೊಟ್ಟಿ ತಿಂದವರಿಗೆ ಬೊಜ್ಜೆಲ್ಲಿ?' ಎಂದಾರು. ಮಾತು ಅರ್ಧ ಸತ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 334 ಕಿಲೋಕ್ಯಾಲೊರಿ, ಅಕ್ಕಿಯಲ್ಲಿ 356, ಹೆಚ್ಚಿನ ಅಂತರವಿಲ್ಲ. ನಾರಿನಂಶದಲ್ಲಿ ಅಂತರ ದೊಡ್ಡದು: ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ರೊಟ್ಟಿ ಬೇಗ ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ ಹಿರಿಯರ ಮೈಯನ್ನು ಹದವಾಗಿಟ್ಟುದು ರೊಟ್ಟಿಯೊಂದೇ ಅಲ್ಲ. ಕುಂಟೆ ಹೊಡೆಯುವ, ಕಳೆ ಕೀಳುವ, ಹೊಲಕ್ಕೆ ನಡೆದು ಹೋಗಿ ನಡೆದೇ ಬರುವ ದುಡಿಮೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಾದ ಮೇಲೆ ನೆರೆಯ ಗಂಗಾವತಿಯ ಬಯಲು ಭತ್ತದ ಕಣಜವಾಯಿತು, ಅನ್ನ ಸುಲಭವಾಯಿತು. ಹೊಲದ ದಾರಿಗೆ ಮೋಟಾರು ಸೈಕಲ್ಲು ಬಂದಿತು. ಸಂಜೆಯ ಮಂಡಕ್ಕಿ–ಮಿರ್ಚಿ ಉಳಿಯಿತು, ದುಡಿಮೆ ಇಳಿಯಿತು. ಒಂದು ಸಣ್ಣ ಚಮಚ ಎಣ್ಣೆಯಲ್ಲಿ 45 ಕಿಲೋಕ್ಯಾಲೊರಿ. ಅಷ್ಟನ್ನು ವ್ಯಯಿಸಲು ಅರುವತ್ತು ಕಿಲೋ ತೂಕದವನು ಸುಮಾರು ಒಂದು ಕಿಲೋಮೀಟರು ನಡೆಯಬೇಕು.

ಇದು ಅಂದಚೆಂದದ ಪ್ರಶ್ನೆಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನದಂತೆ, ದೇಶದ ವಯಸ್ಕರಲ್ಲಿ ಶೇಕಡಾ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ವಯಸ್ಕ ಗಂಡಸರ ಸೊಂಟ 90 ಸೆಂಟಿಮೀಟರನ್ನೂ ಹೆಂಗಸರದು 80ನ್ನೂ ಮೀರಿದರೆ ಎಚ್ಚರ ಅಗತ್ಯ. ಅದೇ ದೇಶದಲ್ಲಿ, 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿ ರಕ್ತಹೀನರು. ಇಂಥವರು ತೆಳ್ಳಗಾಗಲೆಂದು ಊಟ ಬಿಟ್ಟರೆ ಕೊಬ್ಬಿನೊಡನೆ ಸ್ನಾಯುವೂ ಸವೆಯುತ್ತದೆ, ಬೆಳವಣಿಗೆ ಕುಂದುತ್ತದೆ. ಬೆಳೆಯುವ ವಯಸ್ಸಿನವರು ಎಣ್ಣೆ, ಸಕ್ಕರೆಗಳನ್ನು ಕಡಿಮೆ ಮಾಡಲಿ. ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆಗಳನ್ನಲ್ಲ. ಸ್ಥೂಲಕಾಯರಾದ ಸಹಪಾಠಿಗಳನ್ನು ಹಾಸ್ಯಮಾಡುವುದಂತೂ ಸಲ್ಲದು. ಅದರಿಂದ ಯಾರ ಬೊಜ್ಜೂ ಕರಗಿಲ್ಲ.

ಹದಿನೇಳು ವರ್ಷದವರೆಗಿನವರು ದಿನಕ್ಕೆ ಒಂದು ಗಂಟೆಯಾದರೂ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಸ್ಥಳವೆಲ್ಲಿ? ನಮ್ಮ ಊರುಗಳಲ್ಲಿ ಹುಡುಗರಿಗೆ ಗರಡಿಯಾದರೂ ಇದ್ದಿತು. ಹುಡುಗಿಯರಿಗೆ ಅದೂ ಇರಲಿಲ್ಲ. ಪ್ರತಿಯೊಂದು ಶಾಲೆಯ ಮೈದಾನವೂ ಬೆಳಿಗ್ಗೆ ಸಂಜೆ ಊರಿನ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ತೆರೆದಿರತಕ್ಕದ್ದೆಂದು ನಾವು ಒತ್ತಿ ಹೇಳುತ್ತೇವೆ. ಪುಡಿಯ ಡಬ್ಬಿಗೆ ಹಣ ಬೇಕು. ಮೈದಾನದ ಬಾಗಿಲಿಗೆ ಒಂದು ಬೀಗದ ಕೈ ಸಾಕು.