ಝೈತೂನ್ ಎಣ್ಣೆಯ ಉಪವಾಸ: ಪಥ್ಯಕ್ಕೆ ಸುನ್ನತ್‌ನ ಹೆಸರೇಕೆ?

ದೇಹದ ತೂಕ ಇಳಿಸಬೇಕೆಂಬ ಕಾಳಜಿ ಇಂದು ನಮ್ಮ ಮನೆಗಳಲ್ಲಿಯೂ ಹೆಚ್ಚಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇಲ್ಲದ ಕುಟುಂಬಗಳು ವಿರಳವಾಗಿರುವಾಗ ಈ ಕಾಳಜಿ ಸ್ವಾಗತಾರ್ಹವೇ ಸರಿ. ಆದರೆ ಇದರ ಜೊತೆಯಲ್ಲಿಯೇ ಒಂದು ವಿಚಿತ್ರ ಪದ್ಧತಿಯೂ ಹರಡುತ್ತಿದೆ. ಎರಡು ಮೂರು ದಿನ ಅನ್ನ, ರೊಟ್ಟಿ ಎಲ್ಲವನ್ನೂ ಬಿಟ್ಟು, ನೀರು, ನಿಂಬೆರಸ ಮತ್ತು ಕೆಲವು ಚಮಚ ಝೈತೂನ್ ಎಣ್ಣೆಯ ಮೇಲೆ ಕಳೆಯುವುದು. ಅದನ್ನು 'ಸುನ್ನತ್ ಚಿಕಿತ್ಸೆ' ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು. ಉಪವಾಸವೂ ಸುನ್ನತ್, ಝೈತೂನ್ ಕೂಡ ಬರಕತ್ತಿನ ಮರ, ಹಾಗಾದರೆ ಇವೆರಡೂ ಸೇರಿದಾಗ ತಪ್ಪೇನು ಎಂಬುದು ಹಲವರ ಪ್ರಶ್ನೆ. ಪ್ರಶ್ನೆ ಸರಳವಾಗಿ ಕಂಡರೂ ಉತ್ತರವನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲನೆಯದಾಗಿ, ಇದು ರೋಝಾ ಅಲ್ಲ. ಉಷಃಕಾಲದಿಂದ ಸೂರ್ಯಾಸ್ತದವರೆಗೆ ಅನ್ನಪಾನಾದಿಗಳನ್ನು ಅಲ್ಲಾಹನ ಸಂಪ್ರೀತಿಗಾಗಿ ತ್ಯಜಿಸುವುದೇ ಇಸ್ಲಾಮಿನ ಉಪವಾಸ. ಹಗಲಿನಲ್ಲಿ ಒಂದು ಚಮಚ ಎಣ್ಣೆ ಕುಡಿದರೂ ಅದು ಮುರಿಯುತ್ತದೆ. ಎಣ್ಣೆ ಕುಡಿಯುತ್ತಾ ದಿನ ಕಳೆಯುವುದು ಒಂದು ಪಥ್ಯ, ಅಷ್ಟೇ. ಪಥ್ಯ ಮಾಡುವುದು ಪಾಪವಲ್ಲ. ಆದರೆ ಅದಕ್ಕೆ ಇಬಾದತ್‌ನ ಹೆಸರು ಕೊಡುವುದು ಸರಿಯಲ್ಲ. ಹೆಸರು ಬದಲಾದೊಡನೆ ಪ್ರಶ್ನಿಸುವ ಧೈರ್ಯವೂ ಕುಂದುತ್ತದೆ. ವೈದ್ಯರ ಸಲಹೆ ಕೇಳಬೇಕಾದ ವೃದ್ಧರು 'ಸುನ್ನತ್‌ನಿಂದ ಕೇಡಾಗದು' ಎಂದು ನಂಬಿ ಮಾತ್ರೆ ನುಂಗುತ್ತಲೇ ಊಟ ಬಿಡುತ್ತಾರೆ. ಅಪಾಯವಿರುವುದು ಇಲ್ಲಿಯೇ.

ಝೈತೂನ್‌ನ ಶ್ರೇಷ್ಠತೆಯಲ್ಲಿ ಸಂದೇಹವಿಲ್ಲ. ಸೂರಾ ಅತ್ತೀನ್‌ನಲ್ಲಿ ಅಲ್ಲಾಹನು ಅದರ ಮೇಲೆ ಆಣೆಯಿಟ್ಟಿದ್ದಾನೆ. ಸೂರಾ ಅನ್ನೂರ್‌ನ 35ನೇ ಸೂಕ್ತದಲ್ಲಿ ದಿವ್ಯ ಪ್ರಕಾಶದ ಉಪಮೆಯೊಳಗೆ ಆ ಮರವೂ ಅದರ ಎಣ್ಣೆಯೂ ಬಂದಿವೆ. ಅದನ್ನು ತಿನ್ನಲೂ ಮೈಗೆ ಹಚ್ಚಿಕೊಳ್ಳಲೂ ಪ್ರವಾದಿ(ಸ)ರು ಸೂಚಿಸಿದ ಹದೀಸ್ ತಿರ್ಮಿದಿಯಲ್ಲಿದೆ. ಆದರೆ ಸೂರಾ ಅಲ್ ಮುಅ್‌ಮಿನೂನ್‌ನ 20ನೇ ಸೂಕ್ತವನ್ನು ಗಮನಿಸಿರಿ. ಸಿನಾಯ್ ಬೆಟ್ಟದಲ್ಲಿ ಬೆಳೆಯುವ ಆ ಮರದ ಫಲವನ್ನು ಅಲ್ಲಿ ಎಣ್ಣೆಯೆಂದೂ ಉಣ್ಣುವವರಿಗೆ 'ಸಿಬ್ಗ್' ಎಂದೂ ಹೇಳಲಾಗಿದೆ. ಸಿಬ್ಗ್ ಎಂದರೆ ರೊಟ್ಟಿಯನ್ನು ಅದ್ದಿ ತಿನ್ನುವ ವ್ಯಂಜನ. ಅಂದರೆ ಅದು ಊಟದ ಜೊತೆಗಾರ, ಊಟದ ಬದಲಿಯಲ್ಲ. ಉಪವಾಸವಿದ್ದು ಬರೀ ಎಣ್ಣೆ ಕುಡಿದು ತೂಕ ಇಳಿಸಿರಿ ಎಂಬ ಅರ್ಥವನ್ನು ಈ ವಚನಗಳಿಂದ ಹೊರಡಿಸಲಾಗದು.

ಊಟಗಳ ನಡುವೆ ಎಣ್ಣೆ ಕುಡಿದು ಹಸಿವು ತಗ್ಗಿಸುವ ಉಪಾಯವನ್ನು ನಮ್ಮ ಕಾಲದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಸೇತ್ ರಾಬರ್ಟ್ಸ್. 2006ರಲ್ಲಿ ಪ್ರಕಟವಾದ ಅವರ 'ಶಾಂಗ್ರಿ-ಲಾ ಡಯಟ್' ಎಂಬ ಪುಸ್ತಕಕ್ಕೆ ಮುಖ್ಯ ಪ್ರೇರಣೆ ಅವರು ತಮ್ಮ ಮೇಲೆಯೇ ಮಾಡಿಕೊಂಡ ಪ್ರಯೋಗಗಳು. ಅದನ್ನು ಪ್ರಯತ್ನಿಸುವುದೂ ಬಿಡುವುದೂ ಅವರವರ ಇಷ್ಟ. ಆದರೆ ಅದರ ಹೊಣೆಯನ್ನು ಹದೀಸ್‌ನ ಮೇಲೆ ಹೊರಿಸಬಾರದು.

ಇನ್ನು ಲೆಕ್ಕ ನೋಡೋಣ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿಗಳಿವೆ. ಒಂದು ದೊಡ್ಡ ಚಮಚ ಝೈತೂನ್ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ನಮ್ಮ ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಎಂದಿನ ಊಟದ ಮೇಲೆ ದಿನಕ್ಕೆ ಮೂರು ಚಮಚ ಹೆಚ್ಚಿಗೆ ಕುಡಿದರೆ ತೂಕ ಇಳಿಯುವುದಿಲ್ಲ, ಏರುತ್ತದೆ. ಎರಡು ದಿನ ಊಟ ಬಿಟ್ಟಾಗ ತಕ್ಕಡಿ ತೋರುವ ಇಳಿಕೆಯ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೊಜೆನ್ ಖರ್ಚಾದಂತೆ, ಅದರೊಡನೆ ಹಿಡಿದಿಟ್ಟ ನೀರೂ ಹೊರಹೋಗುತ್ತದೆ. ಊಟ ಮರಳಿದಾಗ ಅದೂ ಮರಳುತ್ತದೆ.

ಹಾಗಾದರೆ ಈ ಎಣ್ಣೆಯಿಂದ ಪ್ರಯೋಜನವಿಲ್ಲವೇ? ಇದೆ. ಸ್ಪೇನ್‌ನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 'ಪ್ರೆಡಿಮೆಡ್' ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರ ವಿಧಾನದಲ್ಲಿ ಲೋಪ ಕಂಡುಬಂದದ್ದರಿಂದ ಹಿಂಪಡೆದು, ಮರುವಿಶ್ಲೇಷಿಸಿ 2018ರಲ್ಲಿ ಪುನಃ ಪ್ರಕಟಿಸಲಾಯಿತು. ಝೈತೂನ್ ಎಣ್ಣೆಯೊಡನೆ ತರಕಾರಿ, ಬೇಳೆಕಾಳು, ಮೀನು ಮುಂತಾದವನ್ನು ತಿಂದವರಲ್ಲಿ ಹೃದಯ ಮತ್ತು ರಕ್ತನಾಳಗಳ ಗಂಭೀರ ತೊಂದರೆಗಳು ಕಡಿಮೆಯಾಗಿದ್ದವು ಎಂಬುದೇ ಆಗಲೂ ಬಂದ ಫಲಿತಾಂಶ. ಅವರು ಎಣ್ಣೆಯನ್ನು ಬರಿಹೊಟ್ಟೆಯಲ್ಲಿ ಔಷಧಿಯಂತೆ ನುಂಗಿದವರಲ್ಲ, ಊಟದಲ್ಲಿ ಬಳಸಿದವರು. ಕುರ್‌ಆನ್ ಅದಕ್ಕೆ ಕೊಟ್ಟ ಸ್ಥಾನವೂ ಅದೇ.

ಎಣ್ಣೆ ಮತ್ತು ನಿಂಬೆರಸ ಕುಡಿದರೆ ಪಿತ್ತಕೋಶದ ಕಲ್ಲುಗಳು ಹೊರಬೀಳುತ್ತವೆ ಎಂಬ ಇನ್ನೊಂದು ಪ್ರಚಾರವೂ ಇದೆ. ಹಾಗೆ ಹೊರಬಿದ್ದ ಹಸಿರು ಗುಂಡುಗಳನ್ನು ಪರೀಕ್ಷಿಸಿದ ವೈದ್ಯರ ವರದಿಯೊಂದು 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. ಅವು ಕಲ್ಲುಗಳಾಗಿರಲಿಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದ ಉಂಡೆಗಳಾಗಿದ್ದವು. ವಾಸ್ತವದಲ್ಲಿ ಅತಿವೇಗವಾಗಿ ತೂಕ ಇಳಿಸುವುದರಿಂದಲೇ ಪಿತ್ತಗಲ್ಲುಗಳಾಗುವ ಸಂಭವ ಹೆಚ್ಚುತ್ತದೆ. ಇನ್ಸುಲಿನ್ ಮತ್ತು ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಫರ್ಝ್ ಆದ ರಮಝಾನ್ ಉಪವಾಸದಲ್ಲಿಯೇ ರೋಗಿಗೆ ವಿನಾಯಿತಿ ಕೊಟ್ಟ ಧರ್ಮ ನಮ್ಮದು. ಆ ರಿಯಾಯಿತಿಯನ್ನು ಬದಿಗಿರಿಸಿ, ಯಾರೋ ಕಳುಹಿಸಿದ ಸಂದೇಶಕ್ಕಾಗಿ ರೋಗಿಯನ್ನು ಹಸಿವಿಗೆ ದೂಡುವುದು ಯಾವ ನ್ಯಾಯ?

ಇನ್ನೊಂದು ಮಾತನ್ನು ತಾಯ್ತಂದೆಯರಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ನಿಕಾಹ್‌ಗೆ ಮುನ್ನ ತೆಳ್ಳಗಾಗಬೇಕೆಂದು ಹೆಣ್ಣುಮಕ್ಕಳನ್ನು ಇಂತಹ ಹಸಿವಿಗೆ ಒಡ್ಡುವುದು ಅಮಾನತ್‌ಗೆ ಬಗೆಯುವ ದ್ರೋಹ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬುದು ಪ್ರವಾದಿ(ಸ)ರ ಬೋಧನೆ. ಪ್ರತಿದಿನವೂ ಉಪವಾಸವಿರಲು ಬಯಸಿದ ಅಬ್ದುಲ್ಲಾಹ್ ಬಿನ್ ಅಮ್ರ್(ರ)ರನ್ನು ತಡೆದು, ದಾವೂದ್(ಅ)ರಂತೆ ದಿನ ಬಿಟ್ಟು ದಿನ ಉಪವಾಸವಿರುವುದಕ್ಕಿಂತ ಮುಂದೆ ಹೋಗಬೇಡವೆಂದರು. ಇಫ್ತಾರ್ ಇಲ್ಲದೆ ದಿನಗಳನ್ನು ಜೋಡಿಸುವ ವಿಸಾಲ್ ಉಪವಾಸದಿಂದಲೂ ಸಂಗಾತಿಗಳನ್ನು ತಡೆದರು. ಆರಾಧನೆಯಲ್ಲಿಯೇ ಮಿತಿ ಕಲಿಸಿದವರು ಪಥ್ಯದಲ್ಲಿ ಅತಿಯನ್ನು ಕಲಿಸಿಯಾರೇ?

ಆರೋಗ್ಯ ಬೇಕಾದವರಿಗೆ ಸುನ್ನತ್‌ನಲ್ಲಿ ದಾರಿ ವಿಶಾಲವಾಗಿದೆ. ಶಕ್ತರು ಸೋಮವಾರ, ಗುರುವಾರಗಳಂದು, ಚಾಂದ್ರಮಾಸದ 13, 14, 15ರಂದು ಐಚ್ಛಿಕ ಉಪವಾಸ ಆಚರಿಸಲಿ. ಅಲ್ಲಾಹನ ಸಂಪ್ರೀತಿಯೇ ಅದರ ನಿಯ್ಯತ್ ಆಗಿರಲಿ. ದೇಹ ಹಗುರವಾದರೆ ಅದು ಹೆಚ್ಚಿನ ಅನುಗ್ರಹ. ಆದರೆ ಹಗಲಿನ ಹಸಿವನ್ನು ಇಫ್ತಾರ್‌ನ ಸಮೋಸ, ಪಕೋಡ, ಶರಬತ್ತುಗಳಿಂದ ತೀರಿಸಿಕೊಂಡರೆ ಯಾವ ಉಪವಾಸವೂ ತೂಕ ಇಳಿಸದು. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿ(ಸ)ರ ಸೂತ್ರವನ್ನು ಪಾಲಿಸಲು ದುಬಾರಿ ಬಾಟಲಿ ಕೊಳ್ಳಬೇಕಾಗಿಲ್ಲ. ಝೈತೂನ್ ಕೊಳ್ಳುವ ಅನುಕೂಲವಿದ್ದವರು ಕರಿಯುವ ಎಣ್ಣೆಯನ್ನು ಕಡಿಮೆ ಮಾಡಿ ಅದರ ಸ್ಥಾನದಲ್ಲಿ ಒಂದೆರಡು ಚಮಚ ಬಳಸಲಿ. ಅನುಕೂಲವಿಲ್ಲದವರು ಯಾವ ಪುಣ್ಯದಿಂದಲೂ ವಂಚಿತರಾಗಿಲ್ಲ.

ಬರಕತ್ತು ವಸ್ತುವಿನಲ್ಲಿದೆ ನಿಜ. ಆದರೆ ಅದನ್ನು ಪಡೆಯಲು ಮಿತಿಯೂ ವಿವೇಕವೂ ಬೇಕು. ಧರ್ಮದ ಹೆಸರಿನಲ್ಲಿ ಬರುವ ಪ್ರತಿ ಸಲಹೆಯನ್ನು ಉಲಮಾಗಳಲ್ಲಿಯೂ, ದೇಹಕ್ಕೆ ಸಂಬಂಧಿಸಿದ್ದನ್ನು ವೈದ್ಯರಲ್ಲಿಯೂ ವಿಚಾರಿಸಿ ನಡೆಯುವ ಸದ್ಬುದ್ಧಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.