ಹರಳನ್ನು ಒಡೆಯಲು ಹಣ, ತಡೆಯಲು ಏಕಿಲ್ಲ?

ಮೂತ್ರಪಿಂಡದ ಹರಳಿನ ನೋವನ್ನು ಒಮ್ಮೆ ಉಂಡವರು ಅದನ್ನು ಮರೆಯಲಾರರು. ಈ ಹರಳನ್ನು ಒಡೆಯುವ ವಿದ್ಯೆಯಲ್ಲಿ ವಿಜ್ಞಾನವು ಬಹುದೂರ ಸಾಗಿದೆ. ದೇಹದ ಹೊರಗಿನಿಂದಲೇ ಆಘಾತ ತರಂಗಗಳನ್ನು ಹಾಯಿಸಿ ಹರಳನ್ನು ಪುಡಿಮಾಡುವ ಕ್ರಮವನ್ನು 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಪ್ರಯೋಗಿಸಲಾಯಿತು. ಇಂದು ನಮ್ಮ ದೇಶದಲ್ಲಿಯೂ ಅದು ಸಾಮಾನ್ಯವಾದ ಚಿಕಿತ್ಸೆ. ಆರೋಗ್ಯ ವಿಮೆಯುಳ್ಳವರಿಗೆ, ಪಾಲಿಸಿಯಲ್ಲಿ ಹೇಳಿದ ಕಾಯುವ ಅವಧಿ ಕಳೆದಿದ್ದರೆ, ಅದರ ವೆಚ್ಚವೂ ದೊರೆಯುತ್ತದೆ. ಆದರೆ ಹರಳು ಮತ್ತೆ ಹುಟ್ಟದಿರಲೆಂದು ವರ್ಷಗಟ್ಟಲೆ ಸೇವಿಸಬೇಕಾದ ಲವಣಕ್ಕೆ ಸಾಮಾನ್ಯ ಪಾಲಿಸಿಯು ಒಂದು ಕಾಸನ್ನೂ ಕೊಡುವುದಿಲ್ಲ. ಇದು ಯುಕ್ತವೇ ಎಂಬುದು ನಮ್ಮ ಪ್ರಶ್ನೆ.

ಮೊದಲು ಹರಳಿನ ಹುಟ್ಟನ್ನು ನೋಡೋಣ. ಬಹುಪಾಲು ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದಿಂದಾದವು. ಲೋಟದ ನೀರಿನಲ್ಲಿ ಮಿತಿಮೀರಿ ಸಕ್ಕರೆ ಹಾಕಿದರೆ ತಳದಲ್ಲಿ ಉಳಿಯುವಂತೆ, ಮೂತ್ರದಲ್ಲಿ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಮಿತಿಮೀರಿದಾಗ ಸ್ಫಟಿಕಗಳು ಕಟ್ಟಿಕೊಳ್ಳುತ್ತವೆ. ಪ್ರಕೃತಿಯು ಇದಕ್ಕೊಂದು ತಡೆಯನ್ನೂ ಇಟ್ಟಿದೆ. ಅದೇ ಸಿಟ್ರೇಟ್. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲಕ್ಕೆ ಇದು ಹತ್ತಿರದ ಬಂಧು. ಸಿಟ್ರೇಟ್ ಕ್ಯಾಲ್ಸಿಯಂನೊಡನೆ ಕೂಡಿ ಕರಗುವ ಸಂಯುಕ್ತವಾಗುತ್ತದೆ. ಹೀಗಾಗಿ ಆಕ್ಸಲೇಟಿಗೆ ಜೊತೆ ಸಿಗದು. ಹುಟ್ಟಿದ ಸ್ಫಟಿಕವು ಬೆಳೆಯದಂತೆಯೂ ಅದು ತಡೆಯುತ್ತದೆ. ಹರಳಿನ ರೋಗಿಗಳಲ್ಲಿ ಅನೇಕರ ಮೂತ್ರದಲ್ಲಿ ಈ ಕಾವಲುಗಾರನೇ ಕಡಮೆ. ಪೊಟ್ಯಾಸಿಯಂ ಸಿಟ್ರೇಟನ್ನು ಕೊಟ್ಟು ಕೊರತೆಯನ್ನು ತುಂಬುವುದು ಚಿಕಿತ್ಸೆಯ ತತ್ತ್ವ.

ಇದು ಬರಿಯ ಊಹೆಯಲ್ಲ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹರಳು ಮರುಕಳಿಸುತ್ತಿದ್ದ 64 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ ಮೂರು ವರ್ಷಗಳವರೆಗೆ ಗಮನಿಸಲಾಯಿತು. ಹುಸಿಮದ್ದು ಪಡೆದ 33 ಮಂದಿಯಲ್ಲಿ 21 ಮಂದಿಗೆ ಹೊಸ ಹರಳು ಕಂಡಿತು. ಪೊಟ್ಯಾಸಿಯಂ–ಮೆಗ್ನೀಸಿಯಂ ಸಿಟ್ರೇಟ್ ಪಡೆದ 31 ಮಂದಿಯಲ್ಲಿ ಕೇವಲ 4 ಮಂದಿಗೆ. ಪರೀಕ್ಷೆ ಚಿಕ್ಕದು, ನಿಜ. ಆದರೆ ಅಂತರ ಚಿಕ್ಕದಲ್ಲ.

ಇನ್ನು ವಿಮೆಯ ನಿಯಮವನ್ನು ನೋಡೋಣ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಆರೋಗ್ಯ ಪಾಲಿಸಿಗಳ ಹೊರಗಿಡುವ ಬಾಬುಗಳನ್ನು ಏಕರೂಪಗೊಳಿಸಿತು. ಅವುಗಳಲ್ಲಿ 14ನೆಯದರ ಪ್ರಕಾರ ಪೂರಕ ಆಹಾರ, ವಿಟಮಿನ್, ಖನಿಜ ಮುಂತಾಗಿ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ವಸ್ತುಗಳಿಗೆ ಪರಿಹಾರವಿಲ್ಲ; ಆಸ್ಪತ್ರೆ ವಾಸದ ಅಥವಾ ಒಂದು ದಿನದ ಚಿಕಿತ್ಸೆಯ ಅಂಗವಾಗಿ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಉಂಟು. 2020ರಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪ ಪಾಲಿಸಿಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 60 ದಿನಗಳ ವೆಚ್ಚವನ್ನು ಸೇರಿಸಲಾಗಿದೆ. ಹರಳಿಗಾದರೋ 60 ದಿನಗಳ ಲೆಕ್ಕ ತಿಳಿಯದು. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೌನವಾಗಿ ಬೆಳೆಯುವ ವಸ್ತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಿದೆ. ನಮ್ಮ ವಿಮೆಯಾದರೋ ಕೊಳ್ಳೆಯ ನಷ್ಟವನ್ನು ಪ್ರತಿಸಲವೂ ತುಂಬಿಕೊಡುತ್ತದೆ, ಬಾಗಿಲಿಗೆ ಮಾತ್ರ ಹಣವಿಲ್ಲವೆನ್ನುತ್ತದೆ.

ಕಂಪೆನಿಗಳ ಕಡೆಯ ವಾದವನ್ನೂ ನಾವು ಕೇಳಬೇಕು. ವಿಮೆಯಿರುವುದು ಅನಿರೀಕ್ಷಿತ ವಿಪತ್ತಿಗೆ, ನಿತ್ಯದ ಖರ್ಚಿಗಲ್ಲ ಎಂಬುದು ಮೊದಲನೆಯ ವಾದ. ಪಾಲಿಸಿಯು ವರ್ಷದ ಕರಾರು. 2011ರಿಂದ ಗ್ರಾಹಕನು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಪಾಲಿಸಿಯನ್ನು ವರ್ಗಾಯಿಸಿಕೊಳ್ಳಬಹುದು. ಹಾಗಾದರೆ ಇಂದು ಮದ್ದಿಗೆ ಹಣ ತೆತ್ತವರು ಒಬ್ಬರು, ನಾಳೆ ಶಸ್ತ್ರಚಿಕಿತ್ಸೆ ತಪ್ಪಿದ ಲಾಭ ಇನ್ನೊಬ್ಬರಿಗೆ. ಇದು ಎರಡನೆಯ ವಾದ, ಇದರಲ್ಲಿ ಹುರುಳಿದೆ. ಆದುದರಿಂದಲೇ ಇದನ್ನು ಒಂದೊಂದು ಕಂಪೆನಿಯ ಔದಾರ್ಯಕ್ಕೆ ಬಿಡದೆ, ಎಲ್ಲರಿಗೂ ಸಮಾನವಾದ ನಿಯಮವನ್ನು ಪ್ರಾಧಿಕಾರವೇ ಮಾಡಬೇಕು. ಎಲ್ಲರೂ ತೆತ್ತರೆ ಲಾಭವೂ ಎಲ್ಲರಿಗೆ ಹಂಚಿಹೋಗುತ್ತದೆ. ಮೊದಲನೆಯ ವಾದಕ್ಕೆ ಉತ್ತರ ಇನ್ನೂ ಸುಲಭ: ಎರಡು ಸಲ ಹರಳು ಬಂದವನಿಗೆ ಮೂರನೆಯದು ಅನಿರೀಕ್ಷಿತವೇನಲ್ಲ.

ಹಾಗೆಂದು ಅಂಗಡಿಯಲ್ಲಿ ‘ಪೂರಕ’ವೆಂದು ಮಾರುವ ಡಬ್ಬಿಗಳಿಗೆಲ್ಲ ಹಣ ಸಲ್ಲಲಿ ಎಂದು ನಾವು ಹೇಳುತ್ತಿಲ್ಲ. ಕೆಲವು ಪೂರಕಗಳು ಹರಳನ್ನು ತಡೆಯುವ ಬದಲು ಕರೆತರುತ್ತವೆ. ವಿಟಮಿನ್ ಸಿ ದೇಹದಲ್ಲಿ ಆಂಶಿಕವಾಗಿ ಆಕ್ಸಲೇಟ್ ಆಗಿ ಮಾರ್ಪಡುತ್ತದೆ. ಅದರ ದೊಡ್ಡ ಮಾತ್ರೆಗಳನ್ನು ಸೇವಿಸುತ್ತಿದ್ದ ಸ್ವೀಡನ್ನಿನ ಪುರುಷರಲ್ಲಿ ಹರಳಿನ ಸಂಭವವು ಸುಮಾರು ಎರಡರಷ್ಟೆಂದು 2013ರಲ್ಲಿ ಕಂಡುಬಂದಿತು. ಸಿಟ್ರೇಟ್ ಕೂಡ ಎಲ್ಲರಿಗೂ ನಿರಪಾಯವಲ್ಲ. ಮೂತ್ರಪಿಂಡವು ಕುಗ್ಗಿದವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಶೇಖರವಾಗಿ ಹೃದಯಕ್ಕೆ ಅಪಾಯ ತರಬಹುದು.

ಆದಕಾರಣ ನಮ್ಮ ಸಲಹೆ ಮಿತವಾದುದು. ಹರಳು ಮರುಕಳಿಸಿದವರಿಗೆ, ಹರಳಿನ ರಾಸಾಯನಿಕ ವಿಶ್ಲೇಷಣೆಯನ್ನೂ 24 ಗಂಟೆಗಳ ಮೂತ್ರಪರೀಕ್ಷೆಯನ್ನೂ ಮಾಡಿಸಿ, ಕೊರತೆ ಸಿದ್ಧಪಟ್ಟಲ್ಲಿ, ವೈದ್ಯರು ಬರೆದುಕೊಟ್ಟ ಸಿಟ್ರೇಟಿಗೆ ವರ್ಷಕ್ಕೆ ಇಂತಿಷ್ಟೆಂಬ ಮಿತಿಯಲ್ಲಿ ಪರಿಹಾರ ದೊರೆಯಲಿ. ಆ ಪರೀಕ್ಷೆಗಳ ವೆಚ್ಚವೂ ಸೇರಲಿ. ವಸ್ತುವು ಚೀಟಿಯಿಲ್ಲದೆ ಸಿಗುವುದೋ ಇಲ್ಲವೋ ಎಂಬುದನ್ನಲ್ಲ, ಅದರ ಫಲಕ್ಕೆ ಪ್ರಮಾಣವಿದೆಯೋ ಇಲ್ಲವೋ ಎಂಬುದನ್ನು ಒರೆಗಲ್ಲಾಗಿ ಮಾಡಬೇಕು.

ಎಲ್ಲಕ್ಕೂ ಅಗ್ಗವಾದ ಮದ್ದು ನೀರು. ಮೊದಲ ಹರಳು ಕಂಡವರನ್ನು ಇಟಲಿಯಲ್ಲಿ ಐದು ವರ್ಷ ಗಮನಿಸಿದಾಗ, ಯಥೇಚ್ಛವಾಗಿ ನೀರು ಕುಡಿದವರಲ್ಲಿ ಶೇಕಡ 12 ಮಂದಿಗೂ ಉಳಿದವರಲ್ಲಿ ಶೇಕಡ 27 ಮಂದಿಗೂ ಹರಳು ಮರುಕಳಿಸಿತೆಂದು 1996ರಲ್ಲಿ ಪ್ರಕಟವಾಯಿತು. ಅದಕ್ಕೆ ವಿಮೆ ಬೇಕಿಲ್ಲ. ಆದರೆ ಬಿಸಿಲಿನಲ್ಲಿ ದುಡಿಯುವ ಶ್ರಮಿಕನಿಗೆ ಕೆಲಸದ ಎಡೆಯಲ್ಲಿ ನೀರೂ ಬಿಡುವೂ ದೊರೆಯುವಂತಾಗಬೇಕು. ನೀರಿನಿಂದಲೂ ನಿಲ್ಲದ ಹರಳಿಗೆ ಮದ್ದಿರುವಾಗ, ನಿಯಮದ ಒಂದು ಸಾಲಿಗಾಗಿ ರೋಗಿಯು ಮತ್ತೆ ಮತ್ತೆ ಶಸ್ತ್ರಕ್ರಿಯೆಯ ಮೇಜನ್ನೇರುವುದು ಲೆಕ್ಕಕ್ಕೂ ಒಪ್ಪದು, ನ್ಯಾಯಕ್ಕೂ ಒಪ್ಪದು.