ಲೆಕ್ಕದ ಮೇಲಿನ ಕೊಸರು

ಅಂಕೋಲೆಗೆ ತಾಗಿಕೊಂಡಿರುವ ಬೊಬ್ರುವಾಡವನ್ನು ಊರೆನ್ನಬೇಕೋ ಪೇಟೆಯೆನ್ನಬೇಕೋ ಎಂಬ ಪ್ರಶ್ನೆಗೆ ಸರಕಾರದ ಕಾಗದಗಳಲ್ಲಿಯೇ ಎರಡು ಉತ್ತರಗಳಿವೆ. ಆಡಳಿತದ ಕಡತದಲ್ಲಿ ಅದು ಗ್ರಾಮ. ಜನಗಣತಿಯ ಪುಸ್ತಕದಲ್ಲಿ ಪಟ್ಟಣ. ಐದು ಸಾವಿರಕ್ಕೆ ಕಡಿಮೆಯಿಲ್ಲದ ಜನಸಂಖ್ಯೆ, ಚದರ ಕಿಲೋಮೀಟರಿಗೆ 400ಕ್ಕೆ ಕಡಿಮೆಯಿಲ್ಲದ ಜನಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯ ಬಿಟ್ಟು ಬೇರೆ ಕಸುಬಿನಲ್ಲಿರುವುದು, ಈ ಮೂರೂ ಕೂಡಿಬಂದರೆ ಪುರಸಭೆಯಿಲ್ಲದ ಸ್ಥಳವನ್ನೂ ಜನಗಣತಿಯವರು ಪಟ್ಟಣವೆಂದು ಎಣಿಸುತ್ತಾರೆ. ಹೀಗಾಗಿ ನಮ್ಮ ನಾಡಿನ ಅನೇಕ ಊರುಗಳಿಗೆ ಪಟ್ಟಣದ ಸವಲತ್ತುಗಳು ಬರುವ ಮೊದಲೇ ಪಟ್ಟಣದ ಕಿರಿಕಿರಿಗಳು ಬಂದು ಕುಳಿತಿವೆ. ಅದೃಷ್ಟವಶಾತ್, ಹಳ್ಳಿಯ ಸುಖಗಳು ಇನ್ನೂ ಗಂಟುಮೂಟೆ ಕಟ್ಟಿಲ್ಲ. ಈ ತಿಂಗಳು ಆ ಸಣ್ಣ ಸುಖಗಳನ್ನೂ ಸಣ್ಣ ಕಿರಿಕಿರಿಗಳನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ನೋಡೋಣ.

ಮೊದಲು ಸುಖದ ಮಾತು. ಬೆಳಗಿನ ಹೊತ್ತು ಅಂಕೋಲೆಯ ಪೇಟೆಗೆ ಹೋದವರಿಗೆ ರಸ್ತೆಯ ಬದಿಯಲ್ಲಿ ಬುಟ್ಟಿಯಿಟ್ಟು ಕುಳಿತ ಹಾಲಕ್ಕಿ ಒಕ್ಕಲಿಗ ಹೆಣ್ಣುಮಕ್ಕಳು ಕಣ್ಣಿಗೆ ಬೀಳುತ್ತಾರೆ. ಹಿರಿಯರ ಕೊರಳಲ್ಲಿ ಮಣಿಸರಗಳ ರಾಶಿ, ಮುಂದೆ ಬಸಳೆ, ಹರಿವೆ, ಬದನೆ, ಸವತೆ. ಸಾವಿರಾರು ಗಿಡಗಳನ್ನು ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರೂ, ಹಾಡುಗಳ ಭಂಡಾರವೇ ಆಗಿದ್ದ ಬಡಗೇರಿಯ ಸುಕ್ರಿ ಬೊಮ್ಮ ಗೌಡರೂ ಈ ಸಮುದಾಯದವರೇ. ಇಬ್ಬರೂ ಪದ್ಮಶ್ರೀ ಪುರಸ್ಕೃತರು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿಯೂ ಸುಕ್ರಿ ಗೌಡರು 2025ರ ಫೆಬ್ರುವರಿಯಲ್ಲಿಯೂ ನಮ್ಮನ್ನಗಲಿದರು. ಈ ಹೆಣ್ಣುಮಕ್ಕಳಲ್ಲಿ ಹತ್ತು ರೂಪಾಯಿಯ ಸೊಪ್ಪು ಕೊಂಡರೆ, ಕೈಚೀಲದ ಬಾಯಿ ಮುಚ್ಚುವ ಮೊದಲು ಒಂದು ಹಿಡಿ ಹೆಚ್ಚಿಗೆ ಬೀಳುತ್ತದೆ. ಕನ್ನಡದಲ್ಲಿ ಇದಕ್ಕೆ ಕೊಸರು ಎಂಬ ಸೊಗಸಾದ ಹೆಸರಿದೆ.

ಕೊಸರಿನ ಬೆಲೆ ಎಷ್ಟು? ಎರಡು ರೂಪಾಯಿಯೂ ಆಗಲಾರದು. ಆದರೂ ಅದನ್ನು ಪಡೆದ ಗೃಹಿಣಿಯ ಮುಖ ಅರಳುತ್ತದೆ. ಅಳೆದು ತೂಗಿ ಮೊಹರು ಮಾಡಿದ ಪ್ಯಾಕೆಟ್ಟಿನಲ್ಲಿ ಐನೂರು ಗ್ರಾಮೆಂದರೆ ಐನೂರು ಗ್ರಾಮೇ ಇರುತ್ತದೆ. ಅದು ನ್ಯಾಯ, ಒಪ್ಪೋಣ. ಕೊಸರು ನ್ಯಾಯಕ್ಕಿಂತ ಒಂದು ಮೆಟ್ಟಿಲು ಮೇಲಿನದು. ವ್ಯವಹಾರ ಮುಗಿದ ಮೇಲೆಯೂ ಮನುಷ್ಯ ಸಂಬಂಧ ಉಳಿದಿದೆಯೆಂದು ತಿಳಿಸುವ ಸಂಕೇತ ಅದು. ಪಟ್ಟಣದ ಬದುಕಿನ ಸಣ್ಣ ಸುಖಗಳೆಲ್ಲ ಇಂಥ ಕೊಸರುಗಳೇ. ಸಂಬಳದಲ್ಲಿ ಬರೆದಿಲ್ಲ, ಬಿಲ್ಲಿನಲ್ಲಿ ಸೇರಿಲ್ಲ, ಕೇಳಿ ಪಡೆಯುವಂತಿಲ್ಲ.

ಮೇ ತಿಂಗಳಲ್ಲಿ ಬರುವ ಕರಿ ಈಶಾಡ ಮಾವು ಅಂಥದೇ ಒಂದು ಕೊಸರು. ಸಿಪ್ಪೆ ತೆಳು, ತಿರುಳು ದಂಡಿ, ಸಿಹಿಗೆ ಸಾಟಿಯಿಲ್ಲ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಆದರೆ ಮಾಗಿದ ಮೇಲೆ ಬಹಳ ದಿನ ನಿಲ್ಲದ ಹಣ್ಣು. ದೂರದ ಮಾರುಕಟ್ಟೆಗೆ ಅದು ಒಲ್ಲದು. ಇದ್ದವರಿಗೆ ಇದ್ದಲ್ಲಿಯೇ ದಕ್ಕುವ ಸವಿ. ಸಂಜೆ ನದಿಬಾಗದ ಮರಳಿನಲ್ಲಿ ನಾಲ್ಕು ಹೆಜ್ಜೆ ನಡೆಯುವುದು, ಅಬ್ಬಲಿಗೆಯ ದಂಡೆ ಕೊಂಡು ಮನೆಗೆ ಮರಳುವುದು, ವಿದ್ಯುತ್ತು ಹೋದ ರಾತ್ರಿ ನೆರೆಮನೆಯವರು ಜಗಲಿಗೆ ಬಂದು ಕೂಡುವುದು, ಇವೂ ಆ ಸಾಲಿನವೇ. ಹೊಸ ಕಾಲವೂ ಒಂದು ಸಣ್ಣ ಸುಖ ತಂದಿದೆ. ಚಿಲ್ಲರೆಯಿಲ್ಲವೆಂದು ಅಂಗಡಿಯವರು ಕೈಯಲ್ಲಿಡುತ್ತಿದ್ದ ಪೆಪ್ಪರಮಿಂಟು ಮೊಬೈಲಿನಿಂದ ಹಣ ಕೊಡುವ ಪದ್ಧತಿ ಬಂದಮೇಲೆ ಹೆಚ್ಚುಕಡಿಮೆ ಮಾಯವಾಗಿದೆ.

ಇನ್ನು ಕಿರಿಕಿರಿಗಳು. ನೌಕರಿ ವ್ಯಾಪಾರಗಳ ನಿಮಿತ್ತ ಘಟ್ಟದ ಮೇಲಿನಿಂದ ಇಳಿದು ಬಂದು ಕರಾವಳಿಯಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳನ್ನು ಕೇಳಿದರೆ ಪಟ್ಟಿ ತಾನೇ ಬೆಳೆಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯಲ್ಲಿ ಕಡಕ್ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ; ಶೇಂಗಾ ಚಟ್ನಿಪುಡಿ ಗಟ್ಟಿಕಟ್ಟುತ್ತದೆ; ಮಡಿಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಇವು ಪ್ರಕೃತಿಯ ಕೊಡುಗೆ, ದೂರಿ ಫಲವಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಮತ್ತೊಮ್ಮೆ ಕಾಯಿಸಿದರಾಯಿತು. ಮನುಷ್ಯರಿಂದ ಹುಟ್ಟುವ ಕಿರಿಕಿರಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ವಿವೇಚನೆ ಬೇಕು. ಅವೆಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಹಾಕುವುದು ಸರಿಯಲ್ಲ. ವಿಚಾರ ಮಾಡಿದರೆ ಅವು ಮೂರು ಬಗೆಯವು.

ಮೊದಲನೆಯ ಬಗೆಯ ಕಿರಿಕಿರಿ ನಮ್ಮ ಮೂಗಿನಲ್ಲಿಯೇ ಇರುವಂಥದು. ಬಸ್ಸಿನಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸು ಹತ್ತಿದೊಡನೆ ನಮ್ಮವರಲ್ಲಿ ಕೆಲವರು ಸೆರಗಿನಿಂದ ಮುಖ ಮುಚ್ಚಿಕೊಂಡು ಕಿಟಕಿಯತ್ತ ತಿರುಗುತ್ತಾರೆ. ನಮ್ಮದು ಸಸ್ಯಾಹಾರದ ಸಂಪ್ರದಾಯ. ಅದನ್ನು ಕಾಪಾಡಿಕೊಳ್ಳುವುದು ಸರಿಯೇ. ಆದರೆ ವಾಸನೆ ಸಹಿಸದಿರುವುದು ಬೇರೆ, ವಾಸನೆ ಹೊತ್ತವಳನ್ನು ಸಹಿಸದಿರುವುದು ಬೇರೆ. ಎರಡರ ನಡುವಿನ ಗೆರೆ ಬಹಳ ತೆಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ತೊಗಲು ಹದಮಾಡುವ ಹೊಂಡಕ್ಕೂ ವಾಸನೆ ಇದ್ದಿರಲೇಬೇಕಲ್ಲವೇ? ಅಂಬಿಗರ ಚೌಡಯ್ಯನವರು ದೋಣಿಯಿಂದಿಳಿದು ಬಂದಾಗ ಅವರ ಬಟ್ಟೆಯಿಂದ ಹೊಳೆಯ ವಾಸನೆ ಬಂದಿರದೆ ಇದ್ದೀತೇ? ಆ ವಾಸನೆಗಳನ್ನು ದಾಟಿ ಮನುಷ್ಯನನ್ನು ಕಂಡದ್ದೇ ಶರಣರ ದೊಡ್ಡಸ್ತಿಕೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ನಡೆದಾಗ ಅದಕ್ಕಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ಅಷ್ಟು ದೊಡ್ಡ ಬೆಲೆ ತೆತ್ತು ಬಂದ ಪರಂಪರೆಯ ಮಕ್ಕಳು ಅರ್ಧ ಗಂಟೆಯ ಬಸ್ ಪ್ರಯಾಣದಲ್ಲಿ ಮೂಗು ಸಿಂಡರಿಸುವುದು ಶೋಭಿಸುವುದಿಲ್ಲ. ತನ್ನ ಕಾಯಕದಿಂದ ಮಕ್ಕಳನ್ನು ಓದಿಸುತ್ತಿರುವ ತಾಯಿ ಆಕೆ.

ಇದೇ ಬಗೆಯ ಇನ್ನೊಂದು ಗೊಣಗಾಟವಿದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತ ಮೇಲೆ, ಸೀಟು ಸಿಗುವುದಿಲ್ಲವೆಂದು ಗಂಡಸರು ಗೊಣಗುತ್ತಾರೆ. ಸೀಟಿನ ಕೊರತೆ ನಿಜ. ಬಸ್ಸುಗಳನ್ನು ಹೆಚ್ಚಿಸಿರೆಂದು ಕೇಳುವುದು ನ್ಯಾಯ. ಆದರೆ ಮಗಳ ಮನೆಗೆ ಹೋಗಬೇಕಾದರೆ ಯಾರ ಮುಂದಾದರೂ ಕೈಯೊಡ್ಡಬೇಕಾಗಿದ್ದ ಅಜ್ಜಿ, ಇಂದು ತಾನೇ ಕಾರವಾರಕ್ಕೋ ಹುಬ್ಬಳ್ಳಿಗೋ ಹೊರಟಿದ್ದಾಳೆ. ಆಕೆ ಕುಳಿತ ಆ ಸೀಟು ನಮ್ಮಿಂದ ಕಿತ್ತುಕೊಂಡದ್ದೆಂದು ಭಾವಿಸಬಾರದು. ಈ ಬಗೆಯ ಕಿರಿಕಿರಿಗೆ ಮದ್ದು ಒಂದೇ: ಒಳಗೆ ನೋಡಿಕೊಂಡು ಸುಮ್ಮನೆ ಬಿಟ್ಟುಬಿಡುವುದು.

ಎರಡನೆಯ ಬಗೆಯ ಕಿರಿಕಿರಿ, ನಾವು ಇತರರಿಗೆ ಕೊಟ್ಟು ಇತರರನ್ನೇ ದೂರುವಂಥದು. ಶಬ್ದದ ಉಪಟಳವನ್ನೇ ತೆಗೆದುಕೊಳ್ಳಿ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಹರಿದಿನಗಳಿಗಾಗಿ ಸರಕಾರ ವರ್ಷದಲ್ಲಿ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯ ತನಕ ಸಡಿಲಿಕೆ ಕೊಡಬಹುದಷ್ಟೆ. ಪಕ್ಕದ ಓಣಿಯ ಕಾರ್ಯಕ್ರಮದ ಸದ್ದಿಗೆ ನಾವು ಈ ನಿಯಮವನ್ನು ನೆನೆಯುತ್ತೇವೆ. ನಮ್ಮದೇ ಮೆರವಣಿಗೆಯ ಮುಂದೆ ಎದೆ ನಡುಗಿಸುವ ಪೆಟ್ಟಿಗೆಗಳು ಹೊರಟಾಗ ಅದು ನೆನಪಾಗುವುದಿಲ್ಲ. ಬಸವಣ್ಣನವರನ್ನು 2024ರ ಜನವರಿಯಲ್ಲಿ ಕರ್ನಾಟಕ ಸರಕಾರ ಸಾಂಸ್ಕೃತಿಕ ನಾಯಕರೆಂದು ಸಾರಿತು, ನಮಗೆಲ್ಲ ಹಿಗ್ಗು. ಆದರೆ ಮೆಲುಮಾತನ್ನೇ ಜಪತಪಕ್ಕೆ ಸಮವೆಂದು ಬಗೆದ ಆ ಮಹಾನುಭಾವರ ಜಯಂತಿಯಂದು ಆಸ್ಪತ್ರೆಯ ರೋಗಿಯೂ ಪರೀಕ್ಷೆಗೆ ಓದುವ ಮಗುವೂ ಕಿವಿ ಮುಚ್ಚಿಕೊಳ್ಳುವಂತಾದರೆ ಆ ಹಿಗ್ಗಿಗೆ ಅರ್ಥವೇನು? ಭಜನೆ ಇರಲಿ, ಕರಡಿ ಮಜಲು ಇರಲಿ. ಯಂತ್ರದ ಅಬ್ಬರ ಬೇಡ.

ಬಸ್ಸಿನಲ್ಲಿ ಮೊಬೈಲಿನ ಹಾಡನ್ನು ಎಲ್ಲರಿಗೂ ಕೇಳಿಸುವವರ ಕಥೆಯೂ ಅಷ್ಟೇ. ಕೆ.ಎಸ್.ಆರ್.ಟಿ.ಸಿ. ಇದನ್ನು 2021ರಲ್ಲಿಯೇ ನಿಷೇಧಿಸಿತು. ಆದರೆ ಪ್ರತಿಯೊಬ್ಬ ಪ್ರಯಾಣಿಕನ ಬೆನ್ನಿಗೆ ಒಬ್ಬ ನಿರ್ವಾಹಕನನ್ನು ನಿಲ್ಲಿಸಲಾದೀತೇ? ಮನೆಯಲ್ಲಿ ಮಕ್ಕಳಿಗೆ ಕಲಿಸಬೇಕಾದ ಪಾಠ ಅದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಆದರೂ ಮದುವೆ ಮುಗಿದ ಮರುದಿನ ಕಲ್ಯಾಣಮಂಟಪದ ಹಿಂಬದಿಯನ್ನು ನೋಡಬೇಕು. ಕಡಲಿಗೆ ಹತ್ತಿರದ ಊರಾದ್ದರಿಂದ ಮೊದಲ ಮಳೆಗೇ ಆ ರಾಶಿ ಹಳ್ಳ ಹಿಡಿದು ಸಮುದ್ರ ಸೇರುತ್ತದೆ. ಭರತದ ನೀರು ಅದನ್ನು ಮತ್ತೆ ನಮ್ಮ ದಂಡೆಗೇ ತಂದು ಹಾಕುತ್ತದೆ. ಎಲೆಯಲ್ಲಿ ಉಳಿದು ಚೆಲ್ಲಿಹೋಗುವ ಅನ್ನದ ಲೆಕ್ಕವಂತೂ ಬೇರೆಯೇ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಲಕ್ಕಮ್ಮ ತಾಯಿ ನಮ್ಮವಳೆಂದು ನಾವು ಭಾಷಣ ಮಾಡುತ್ತೇವೆ. ಆ ಭಾಷಣದ ನಂತರದ ಊಟದಲ್ಲಿ ಆಕೆಯನ್ನು ನೆನೆದರೆ ಸಾಕು. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಸತ್ಯಕ್ಕನವರು ನಮ್ಮ ಕಲ್ಯಾಣಮಂಟಪಕ್ಕೆ ಬಂದರೆ ಎಲ್ಲಿಂದ ಆರಂಭಿಸಿಯಾರು ಎಂದು ಯೋಚಿಸಿದರೆ ಇನ್ನೂ ಒಳ್ಳೆಯದು. ಈ ಬಗೆಯ ಕಿರಿಕಿರಿಗೆ ಮದ್ದು ದೂರಲ್ಲ, ತಿದ್ದಿಕೊಳ್ಳುವುದು.

ಮೂರನೆಯ ಬಗೆಯದು ಮೇಲ್ನೋಟಕ್ಕೆ ಕಿರಿಕಿರಿಯಾಗಿ ಕಂಡರೂ ಒಳಗೆ ಅನ್ಯಾಯವೋ ಅಪಾಯವೋ ಆಗಿರುವಂಥದು. ಇದನ್ನು ಸಹಿಸುವುದು ಸದ್ಗುಣವಲ್ಲ. ಕರಾವಳಿಯ ಉದ್ದಕ್ಕೂ ಹಾಯ್ದಿರುವ 66ನೆಯ ರಾಷ್ಟ್ರೀಯ ಹೆದ್ದಾರಿ ಅಗಲವಾಯಿತು; ವಾಹನಗಳ ವೇಗ ಹೆಚ್ಚಿತು. ಸಂತೋಷವೇ. ಆದರೆ ಹಾಲು ತರಲು, ಶಾಲೆಗೆ ಹೋಗಲು ಅದನ್ನು ದಾಟಬೇಕಾದ ಮುದುಕರೂ ಮಕ್ಕಳೂ ರಸ್ತೆಯಂಚಿನಲ್ಲಿ ನಿಂತು ಎರಡೂ ಕಡೆ ನೋಡುತ್ತ ಕಾಯುವುದು ಬರಿಯ ಬೇಸರದ ಸಂಗತಿಯೇ? 2024ರ ಜುಲೈ 16ರಂದು ಇದೇ ತಾಲೂಕಿನ ಶಿರೂರಿನಲ್ಲಿ, ಮಳೆಗೆ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಯ ಪಾಲಾಯಿತು. ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ರಸ್ತೆಯ ಬದಿಗೆ ಚಹದಂಗಡಿ ನಡೆಸುತ್ತಿದ್ದ ಕುಟುಂಬ ಅದರಲ್ಲಿತ್ತು. ದೂರದಿಂದ ಲಾರಿ ತಂದಿದ್ದ ಚಾಲಕರಿದ್ದರು. ಕೇರಳದ ಚಾಲಕರೊಬ್ಬರ ದೇಹ ನದಿಯೊಳಗಿನ ಲಾರಿಯಲ್ಲಿ ದೊರೆತದ್ದು ಎರಡು ತಿಂಗಳು ಕಳೆದು ಸೆಪ್ಟೆಂಬರಿನಲ್ಲಿ. ಅಗಲೀಕರಣಕ್ಕಾಗಿ ಗುಡ್ಡ ಕಡಿದ ರೀತಿಯ ಬಗ್ಗೆ ಪ್ರಶ್ನೆಗಳು ಜೋರಾಗಿ ಎದ್ದದ್ದು ಜೀವಗಳು ಹೋದ ಮೇಲೆ.

ಒಂದು ಕಪ್ಪು ಬಿಸಿ ಚಹ ಪ್ರಯಾಣಿಕನ ಅತಿ ಸಣ್ಣ ಸುಖ. ಆ ಸುಖ ಕೊಡುತ್ತಿದ್ದವರೂ ಅದನ್ನು ಪಡೆಯಲು ನಿಂತವರೂ ಒಂದೇ ಮಣ್ಣಿನಡಿ ಹೋದರು. ಸಣ್ಣ ಸುಖಗಳು ತಾವಾಗಿಯೇ ಉಳಿಯುವುದಿಲ್ಲ. ಅವುಗಳ ಹಿಂದಿರುವ ಗುಡ್ಡ, ಹೊಳೆ, ರಸ್ತೆಗಳನ್ನು ಯಾರಾದರೂ ಎಚ್ಚರದಿಂದ ಕಾಯುತ್ತಿರಬೇಕು ಎಂಬುದನ್ನು ಈ ದುರಂತ ನಮಗೆ ಕಲಿಸಬೇಕು.

ಬಾಯಿ ತೆರೆಯುವುದನ್ನು ಈ ನೆಲಕ್ಕೆ ಯಾರೂ ಕಲಿಸಬೇಕಾಗಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಉಪ್ಪಿನ ಕರ ಮನೆಯೊಂದಕ್ಕೆ ಲೆಕ್ಕ ಹಾಕಿದರೆ ಸಣ್ಣದೇ. ಕಿರಿಕಿರಿಯೆಂದು ಸಹಿಸಿಕೊಂಡಿದ್ದರೆ ಇತಿಹಾಸವೇ ಬೇರೆಯಾಗುತ್ತಿತ್ತು. ಅಕ್ಷರ ಕಲಿಯದ ಸುಕ್ರಿ ಗೌಡರು ತಮ್ಮ ಊರಿನ ಸಂಸಾರಗಳನ್ನು ಸುಡುತ್ತಿದ್ದ ಸಾರಾಯಿಯ ವಿರುದ್ಧ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಿಂತರು. ಗಂಡ ಕುಡಿದು ಬರುವುದು ಹಣೆಬರಹವೆಂದು ಅವರು ಸುಮ್ಮನಿರಲಿಲ್ಲ. ಅನುಭವ ಮಂಟಪದ ವಾರಸುದಾರರೆನ್ನಿಸಿಕೊಳ್ಳುವ ನಾವು ಗ್ರಾಮಸಭೆಯ ದಿನ ಮನೆಯಲ್ಲಿ ಕುಳಿತು, ಮರುದಿನ ಕಟ್ಟೆಯ ಮೇಲೆ ಗೊಣಗುವುದು ಯಾವ ನ್ಯಾಯ? ಪಂಚಾಯಿತಿಗೆ ಬರೆದ ಒಂದು ಅರ್ಜಿ ನೂರು ಗೊಣಗಾಟಕ್ಕೆ ಸಮ.

ಹೀಗೆ ಕಿರಿಕಿರಿಯೊಂದು ಎದುರಾದಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದು ನನ್ನ ಅಭಿಮಾನದಿಂದ ಹುಟ್ಟಿದ್ದೋ? ನಾನೂ ಇದನ್ನೇ ಇತರರಿಗೆ ಕೊಡುತ್ತಿರುವೆನೋ? ಇದರಿಂದ ಯಾರಿಗಾದರೂ ನಿಜವಾದ ಕೇಡಿದೆಯೋ? ಮೊದಲನೆಯದಾದರೆ ಬಿಡೋಣ, ಎರಡನೆಯದಾದರೆ ತಿದ್ದಿಕೊಳ್ಳೋಣ, ಮೂರನೆಯದಾದರೆ ಎದ್ದು ನಿಲ್ಲೋಣ. ಬಹುಪಾಲು ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಮೀನಿನ ಬುಟ್ಟಿಯ ಮೇಲೆ ಸಿಟ್ಟಾಗುವ ನಾವು ಕುಸಿಯುವ ಗುಡ್ಡದ ಮುಂದೆ ಮೌನಿಗಳು. ಮುನಿಯದಿರುವುದು ಬಸವಣ್ಣನವರು ಹೇಳಿದ ಶೀಲಗಳಲ್ಲಿ ಒಂದೆಂಬುದು ನಿಜ. ಆದರೆ ಕಲ್ಯಾಣದಲ್ಲಿ ಅನ್ಯಾಯದ ಎದುರು ಅವರು ಮೌನವಾಗಿದ್ದರೆಂದು ಯಾರೂ ಹೇಳಲಾರರು.

ಕಿರಿಕಿರಿಗಳ ಲೆಕ್ಕ ಹೀಗೆ ಸರಿಹೋದ ಮನೆಯಲ್ಲಿ ಸುಖಗಳಿಗೆ ತಾನಾಗಿ ಜಾಗವಾಗುತ್ತದೆ. ಈ ತಿಂಗಳು ಪ್ರತಿ ಮನೆಯ ಹಿರಿಯರು ಇಷ್ಟಲಿಂಗ ಪೂಜೆ ಮುಗಿಸಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ಅಂದು ತಮಗೆ ಯಾರಿಂದ ಕೊಸರು ಸಿಕ್ಕಿತು, ತಾವು ಯಾರಿಗೆ ಕೊಸರು ಕೊಟ್ಟೆವು ಎಂದು ಕೇಳಲಿ. ಬಸ್ಸಿನಲ್ಲಿ ಬಿಟ್ಟುಕೊಟ್ಟ ಸೀಟು, ಪಕ್ಕದ ಮನೆಗೆ ಕಳಿಸಿದ ನಾಲ್ಕು ರೊಟ್ಟಿ, ಬುಟ್ಟಿಯವಳಿಗೆ ಕೊಟ್ಟ ಒಂದು ಲೋಟ ತಣ್ಣೀರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದಾಸೋಹವೆಂಬ ದೊಡ್ಡ ಮಾತಿಗೆ ನಮ್ಮ ಸಣ್ಣ ಮನೆಗಳಲ್ಲಿ ಬಾಗಿಲು ಇಷ್ಟೇ ಅಗಲ ಸಾಕು.